ಸಿರಸಂಗಿ ಕೆರೆಯ ಸೊನ್ನೆ

ಸೋಮವಾರ ಬೆಳಿಗ್ಗೆ ಎಮ್ಮೆಗಳಿಗೆ ನೀರು ಕುಡಿಸಲು ಹೋದವರು ಮಡಿವಾಳೆಪ್ಪನನ್ನು ಕಂಡರು. ಸಿರಸಂಗಿ ಕೆರೆಯ ಏರಿಯ ಕೆಳಗೆ, ಗೋಣಿಚೀಲದ ಮೇಲೆ, ಮಗ್ಗುಲಿಗೆ ಬಿದ್ದಿದ್ದ. ಬಲಗಿವಿಯ ಹಿಂದೆ ತಲೆ ಒಡೆದಿತ್ತು. ಉಸಿರಿತ್ತು. ಮಾತಿರಲಿಲ್ಲ.

ಸುದ್ದಿ ಬೈಲಹೊಂಗಲಕ್ಕೆ ಮುಟ್ಟಿದಾಗ ಲೀಲಾಬಾಯಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಪ್ರಾಣಿಶಾಸ್ತ್ರ ಅವಳ ವಿಷಯ. ಬೋರ್ಡಿಗೆ ಬರೆಯುತ್ತಿದ್ದ ಖಡು ಅಲ್ಲೇ ಇಟ್ಟಳು. ಸಿಕ್ಕ ಬಸ್ಸು ಹತ್ತಿದಳು.

ಹಿಂದಿನ ವರ್ಷ, ೧೯೭೫ರ ಜೂನಿನ ಮಿರಗದ ಮಳೆಗೆ, ಕಪ್ಪೆಗಳ ಕೂಗು ಕೇಳುವ ಕೆಲಸವನ್ನು ಹಚ್ಚಿದವಳು ಅವಳೇ. ಊರಿಗೊಬ್ಬರು ಸಂಜೆ ಕೆರೆಯ ದಂಡೆಯಲ್ಲಿ ಕೂತು ಕೇಳಬೇಕು. ಏನೂ ಕೇಳದಿದ್ದರೆ ಸೊನ್ನೆ. ಕೂಗು ಬಿಡಿಬಿಡಿಯಾಗಿ ಕೇಳಿದರೆ ಒಂದು. ಒಂದರ ಮೇಲೊಂದು ಬಿದ್ದರೆ ಎರಡು. ಎಡೆಬಿಡದ ಗದ್ದಲವಾದರೆ ಮೂರು. ಸಿರಸಂಗಿಗೆ ಮಡಿವಾಳೆಪ್ಪ ತಾನಾಗಿ ಮುಂದೆ ಬಂದಿದ್ದ. ಎರಡೆತ್ತಿನ ಒಕ್ಕಲುತನದವ, ಕಿವಿ ಚುರುಕು.

ಈ ವರ್ಷ ಮಳೆ ಬಿದ್ದರೂ ಅವನು ಸೊನ್ನೆ ಎಂದ. ತಪಾಸಣೆಗೆ ಹೋದ ಪಾಂಡುರಂಗ ಮೂರು ಎಂದ. ಪಾಂಡುರಂಗ ಅದೇ ಕಾಲೇಜಿನ ಅಧ್ಯಾಪಕ, ಈ ಕೆಲಸದಲ್ಲಿ ಲೀಲಾಬಾಯಿಯ ಬಲಗೈ. ಕೂಗನ್ನು ಟೇಪಿನಲ್ಲಿ ಹಿಡಿದೂ ತಂದಿದ್ದ.

"ಭಾನುವಾರ ಇಬ್ಬರೂ ಕೂಡಿ ಕೂತು ಕೇಳ್ರಿ," ಎಂದು ಲೀಲಾಬಾಯಿ ಹೇಳಿದ್ದಳು.

ಆ ಭಾನುವಾರ ಸಂಜೆಯೇ ಏಟು ಬಿದ್ದಿತ್ತು.

*

"ಕಾಲು ಜಾರಿ ಕಲ್ಲಿಗೆ ಬಿದ್ದಾನ್ರಿ ಬಾಯಾರ," ಎಂದರು ಸವದತ್ತಿ ಪೊಲೀಸ್ ಠಾಣೆಯ ಫೌಜದಾರ ನಿಜಗುಣಪ್ಪ. ಶನಿವಾರ ರಾತ್ರಿಯ ಮಳೆಗೆ ಏರಿ ಇನ್ನೂ ಹಸಿಯಾಗಿತ್ತು.

"ಕೂತವನ ಕಾಲು ಹ್ಯಾಂಗ ಜಾರ್ತದ್ರಿ?"



ಲೀಲಾಬಾಯಿ ಕೆಸರಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಗೋಣಿಚೀಲದ ಅಚ್ಚು ಹೆಣಿಗೆಯ ಸಮೇತ ಮೂಡಿತ್ತು. ಅದರ ಹಿಂದೆ, ಗೇಣು ದೂರದಲ್ಲಿ, ಇನ್ನೊಬ್ಬರು ಕೂತ ಗುರುತು. ಅದು ನುಣ್ಣಗಿತ್ತು. ಅಂಚಿನಲ್ಲಿ ಸಾಲಾಗಿ ಸಣ್ಣ ದುಂಡು ತಗ್ಗುಗಳು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಇದನ್ನ ಯಾರೂ ತುಳೀದಂಗ ನೋಡ್ಕೋರಿ," ಎಂದಳು.

ಮಡಿವಾಳೆಪ್ಪನ ಹೆಂಡತಿ ಸೋಮವ್ವ ಏರಿಯ ಮೇಲೆ ನಿಂತಿದ್ದಳು. ಅತ್ತು ಅತ್ತು ಕಣ್ಣು ಒಣಗಿದ್ದವು.

"ಕಪ್ಪಿ ಹಿಡಿಯೋ ಮಾಳಪ್ಪನ ಕೂಡ ಜಗಳಾ ಆಗಿತ್ರಿ," ಎಂದಳು. "ಕೆರಿಗಿ ಬಂದ್ರ ಕಾಲ ಮುರೀತೇನಿ ಅಂದಿದ್ರು ನಮ್ಮನಿಯವ್ರು."

ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಸಣ್ಣಗೆ ಗುಂಯ್ ಎಂಬ ಸದ್ದೆದ್ದಿತು. ನೀರು ಕಾಲುವೆಗೆ ಬಿತ್ತು.

"ಇಲ್ಲಿ ಡುಗು ಡುಗು ಅನ್ನೋ ಎಣ್ಣಿ ಎಂಜಿನ್ ಇತ್ತಲ್ಲವಾ?" ಎಂದು ಲೀಲಾಬಾಯಿ ಕೇಳಿದಳು.

"ತ್ವಾಟದವ್ರು ದೀಪಾವಳಿಗೇ ಮಾರ್ಯಾರ್ರಿ. ಈಗ ಕರೆಂಟಿನ ಮೋಟಾರು."

*

ಮಾಳಪ್ಪ ಉಗರಗೋಳದಲ್ಲಿ ಸಿಕ್ಕ. ಕೈಯಲ್ಲಿ ರಕ್ತ ಮೆತ್ತಿದ ಚೂರಿ, ಎದುರಿಗೆ ಕಾಲು ಕತ್ತರಿಸಿ ಎಸೆದ ಕಪ್ಪೆಗಳ ರಾಶಿ. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಕಾಲುಗಳು ಬರ್ಫದ ಪೆಟ್ಟಿಗೆಯಲ್ಲಿ ಸಮುದ್ರದ ಕಡೆ ಹೋಗುತ್ತಿದ್ದವು. ಅಲ್ಲಿಂದ ಹಡಗಿನಲ್ಲಿ ಪರದೇಶಕ್ಕೆ.

"ಮಡಿವಾಳೆಪ್ಪನ್ನ ನೀನ ಹೊಡದಿ," ಎಂದರು ಫೌಜದಾರರು.

"ನಾ ಯಾಕ ಹೊಡೀಲಿ ಸಾಹೇಬ್ರ? ಸಿರಸಂಗಿ ಕೆರ್ಯಾಗ ಏನೈತಿ? ಹ್ವಾದ ಮಳಿಗಾಲದಾಗ ನಾವ ಬಾಚಿಕೊಂಡು ಹೋದ್ವಿ. ಈಗ ಒಂದ ಕಪ್ಪಿನೂ ಇಲ್ಲ."

"ಭಾನುವಾರ ಸಂಜಿಕ ಎಲ್ಲಿದ್ದಿ?"

"ಇಲ್ಲೇ ಹಳ್ಳದಾಗ್ರಿ. ಹತ್ತು ಮಂದಿ ಇದ್ವಿ. ಕಪ್ಪಿ ಕೊಳ್ಳೋ ಸಾಹುಕಾರರ ಲಾರಿ ತುಂಬಾಕ ಹತ್ತಿದ್ವಿ. ಕೇಳ್ರಿ ಬೇಕಾದ್ರ."

ಕೇಳಿದರು. ಊರೆಲ್ಲ ಹೌದೆಂದಿತು.

ಒಂದೂ ಕಪ್ಪೆಯಿಲ್ಲದ ಕೆರೆಯಲ್ಲಿ ಮೂರು ಎನ್ನುವಷ್ಟು ಗದ್ದಲ. ಲೀಲಾಬಾಯಿ ಬೈಲಹೊಂಗಲದ ಬಸ್ಸು ಹಿಡಿದಳು.

*

ಮರುದಿನ ಕಾಲೇಜಿನ ಪ್ರಯೋಗಶಾಲೆ. ಫೌಜದಾರರು ಸ್ಟೂಲಿನ ಮೇಲೆ ಕೂತಿದ್ದರು. ಪಾಂಡುರಂಗ ಕಿಟಕಿಗೆ ಒರಗಿದ್ದ.

"ಭಾನುವಾರ ನನಗ ಹೋಗ್ಲಿಕ್ಕೆ ಆಗ್ಲಿಲ್ಲ ಮೇಡಂ," ಎಂದ. "ಸ್ಕೂಟರ್ ಪಂಕ್ಚರ್ ಆಗಿತ್ತು. ಪಾಪ, ಒಬ್ಬನೇ ಕೂತಿದ್ದನೋ ಏನೋ."

ಲೀಲಾಬಾಯಿ ಅವನು ತಂದ ಟೇಪನ್ನು ಹಚ್ಚಿದಳು. ಕಪ್ಪೆಗಳು ಕೋಣೆ ತುಂಬಿ ಒದರಿದವು. ಅವುಗಳ ಹಿಂದೆ ಡುಗು ಡುಗು ಡುಗು.

"ಇದು ಹೋದ ವಾರದ್ದೇನ್ರಿ, ಸರ್?"

"ಹೌದು. ಸಿರಸಂಗಿದೇ."

"ಎಣ್ಣಿ ಎಂಜಿನ್ ದೀಪಾವಳಿಗೆ ಮಾರ್ಯಾರ. ಹೋದ ವಾರ ಯಾವ ಎಂಜಿನ್ ಬಡೀತು?"



ಅವಳು ಕಪಾಟಿನಿಂದ ಇನ್ನೊಂದು ಟೇಪು ತೆಗೆದಳು. ಹಿಂದಿನ ವರ್ಷ ತಾನೇ ಹಿಡಿದದ್ದು. ಅದನ್ನೂ ಕೇಳಿಸಿದಳು. ಅದೇ ಕಪ್ಪೆಗಳು, ಅದೇ ಎಂಜಿನ್ನು. ನಾಯಿ ಎರಡು ಸಲ ಬೊಗಳಿತು. ಪಾಂಡುರಂಗನ ಟೇಪಿನಲ್ಲೂ ಅದೇ ಜಾಗದಲ್ಲಿ ಬೊಗಳಿತ್ತು.

"ಈ ಕಪಾಟಿನ ಕೀಲಿ ಇಬ್ಬರ ಕಡೆ ಅದ. ನನ್ನ ಕಡೆ, ನಿಮ್ಮ ಕಡೆ."

"ಟೇಪು ಅದಲು ಬದಲಾಗಿರಬೇಕು. ಅದಕ್ಕೂ ಹೊಡೆದದ್ದಕ್ಕೂ ಏನು ಸಂಬಂಧ?"

"ಹೇಳ್ತೀನಿ." ಅವಳು ಫೌಜದಾರರ ಕಡೆ ತಿರುಗಿದಳು. "ಮಡಿವಾಳೆಪ್ಪ ಭಾಳ ಚುರುಕು ಕಿವಿಯವ. ಹಿಂದಿಂದ ಬಂದ್ರ ಹೆಜ್ಜಿ ಕೇಳಿ ಏಳ್ತಿದ್ದ, ತಿರುಗ್ತಿದ್ದ. ಅವ ಏಳಲಿಲ್ಲ, ತಿರುಗಲಿಲ್ಲ, ಕೂತ ಚೀಲದ ಮ್ಯಾಲೇ ಬಿದ್ದಾನ. ಯಾಕಂದ್ರ ಬೆನ್ನ ಹಿಂದ ಒಬ್ಬರು ಕೂತೇ ಇದ್ರು. ಇಬ್ಬರು ಕೇಳುವಾಗ ಬೆನ್ನಿಗೆ ಬೆನ್ನು ಕೊಟ್ಟು ಕೂಡಬೇಕು, ಮಾತಾಡಬಾರದು, ಒಬ್ಬರು ಬರಿಯೋದನ್ನ ಇನ್ನೊಬ್ಬರು ನೋಡಬಾರದು. ಇದು ನಮ್ಮ ನಿಯಮ. ಕಪ್ಪಿ ಹಿಡಿಯುವವರಿಗೆ ಈ ನಿಯಮ ಎಲ್ಲಿ ಗೊತ್ತು?"

ಅವಳು ಬಾಗಿಲ ಹಿಂದಿನ ಮೊಳೆಯಿಂದ ಪಾಂಡುರಂಗನ ರೇನ್‌ಕೋಟು ಎಳೆದಳು. ಅಂಚಿನ ಗುಂಡಿಗಳ ಸಂದಿಯಲ್ಲಿ ಕೆಸರು ಒಣಗಿತ್ತು.

"ಕೆರಿ ದಂಡಿ ಮ್ಯಾಲಿನ ತಗ್ಗಿಗೆ ಈ ಗುಂಡಿ ಹಚ್ಚಿ ನೋಡ್ರಿ. ಶನಿವಾರದ ಮಳಿ ಹಳೆ ಗುರುತು ಎಲ್ಲಾ ಅಳಿಸ್ಯದ. ಇದನ್ನ ಹಾಸಿ ಕೂತ ಆ ಗುರುತು ಭಾನುವಾರದ್ದೇ."

ಫೌಜದಾರರು ಎದ್ದು ಬಾಗಿಲಿಗೆ ಅಡ್ಡ ನಿಂತರು.

ಪಾಂಡುರಂಗ ಬೆಂಚಿನ ಮೇಲೆ ಕೂತು ಎಲ್ಲ ಒಪ್ಪಿಕೊಂಡ. ಲಾರಿಯ ಸಾಹುಕಾರ ಅವನ ಹೆಂಡತಿಯ ಅಣ್ಣ. ಹೋದ ವರ್ಷ ಬಾಚಿದ ಸಿರಸಂಗಿಯಲ್ಲಿ ಇನ್ನೂ ಕಪ್ಪೆ ತುಂಬಿವೆ, ಹಿಡಿದರೂ ನಷ್ಟವಿಲ್ಲ ಎಂದು ಈ ಲೆಕ್ಕದಿಂದ ತೋರಿಸಿದರೆ ತಾಲ್ಲೂಕಿನ ಎಲ್ಲ ಕೆರೆಗಳಲ್ಲಿ ಕಪ್ಪೆ ಹಿಡಿಯುವ ಪರವಾನಗಿ ಆ ಸಾಹುಕಾರನಿಗೇ.

"ಮೂರು ಅಂತ ಬರಿ ಅಂದೆ," ಎಂದ ತಲೆ ತಗ್ಗಿಸಿ. "ಕೇಳಲಿಲ್ಲ. ಬಾಯಾರಿಗೆ ಹೇಳ್ತೇನಿ ಅಂದು ಮತ್ತ ಕೆರೀ ಕಡೆ ಮುಖ ಮಾಡಿ ಕೂತ. ಕೈಯಾಗ ಬ್ಯಾಟರಿ ಟಾರ್ಚು ಇತ್ತು, ಬೀಸಿದೆ. ಒಂದು ಕಪ್ಪಿ ಲೆಕ್ಕಕ್ಕ ಇಷ್ಟೆಲ್ಲಾ ಆಗ್ತದಂತ..."

"ಅವನ್ನ ರಾತ್ರಿಯೆಲ್ಲಾ ಹಸಿ ಮಣ್ಣಾಗ ಬಿಟ್ಟು ಬಂದಿರಿ," ಎಂದಳು ಲೀಲಾಬಾಯಿ. "ಸೋಮವಾರ ಬಂದು ನನ್ನ ಮುಂದ ಚಹಾ ಕುಡಿದಿರಿ."

*

ಲಾರಿ ಸಿಕ್ಕಿತು. ಚೀಲಗಳಲ್ಲಿ ಜೀವವಿದ್ದ ಕಪ್ಪೆಗಳು ಒದ್ದಾಡುತ್ತಿದ್ದವು.

"ಸಿರಸಂಗಿ ಕೆರಿಗೆ ಬಿಟ್ಟುಬಿಡೋಣೇನ್ರಿ?" ಎಂದರು ಫೌಜದಾರರು. "ನಿಮ್ಮ ಸೊನ್ನಿನೂ ಹೋಗ್ತೈತಿ."

"ಬ್ಯಾಡ್ರಿ. ಉಗರಗೋಳದ ಹಳ್ಳದ್ದು, ಅಲ್ಲೇ ಬಿಡ್ರಿ. ನಾವು ತಂದು ಬಿಟ್ಟು ಮೂರು ಅಂತ ಬರೆದ್ರ ನಮಗೂ ಆ ಪಾಂಡುರಂಗಗೂ ಫರಕೇನು?"

ಸಂಜೆ ಅವಳು ಸವದತ್ತಿಯ ಆಸ್ಪತ್ರೆಗೆ ಹೋದಳು. ಮಡಿವಾಳೆಪ್ಪನಿಗೆ ಎಚ್ಚರವಾಗಿತ್ತು. ಬಲಗಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನಿಗಿನ್ನೂ ಯಾರೂ ಹೇಳಿರಲಿಲ್ಲ.

"ಬಾಯಾರ," ಎಂದ ಕಷ್ಟಪಟ್ಟು. "ಏನ್ ಬರಕೊಂಡ್ರಿ?"

ಲೀಲಾಬಾಯಿ ಮಂಚದ ಆಚೆ ಬದಿಗೆ ಹೋಗಿ ಅವನ ಎಡಗಿವಿಗೆ ಬಗ್ಗಿದಳು.

"ಸೊನ್ನಿ," ಎಂದಳು. "ನೀ ಹೇಳಿದ್ದನ್ನ."