ಅವ್ವನಿಗೆ ಶೀ ಅನ್ನಬಹುದೇ?

"ದೇ ಆರ್ ಮೈ ಮದರ್," ಎಂದು ಭಾಗ್ಯಾ ಓದಿದ್ದೇ ತಡ, ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು.

"ತೇರೀ ಕಿತ್ನೀ ಮಮ್ಮೀ ಹೈ?" ನಿನಗೆ ಎಷ್ಟು ಅಮ್ಮಂದಿರು ಎಂದು ಹಿಂದಿನ ಬೆಂಚಿನಿಂದ ಹಿತೇಶ್ ಹಿಂದಿಯಲ್ಲಿ ಕೇಳಿದ.

"ಏಕ್ ಹೀ ಹೈ!" ಭಾಗ್ಯಾ ಗುರುಗುಟ್ಟಿದಳು.

ಶರ್ಮಿಳಾ ಮಿಸ್ ಅವಳನ್ನು ಹತ್ತಿರ ಕರೆದರು. ಮಿಸ್ ಉಡುಪಿ ಕಡೆಯವರು, ಭಾಗ್ಯಾಳ ಮನೆಯವರು ರಾಯಚೂರಿನವರು. ಮುಂಬೈ ಪಕ್ಕದ ದಿವಾದ ಆ ಶಾಲೆಯಲ್ಲಿ ಇಬ್ಬರೂ ತಮ್ಮ ತಮ್ಮ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರು.

"ಎಂಥ ಮಾರಾಯ್ತಿ, ಮೂರು ಸಲ ತಿದ್ದಿ ಕೊಟ್ಟೆ. ದೇ ಅಂದ್ರೆ ತುಂಬ ಜನ. ಅಮ್ಮ ಒಬ್ಬರೇ ಅಲ್ವಾ, ಶೀ ಅಂತ ಬರಿ. ಶನಿವಾರ ಪೇರೆಂಟ್ಸ್ ಎದುರು ಓದ್ಲಿಕ್ಕುಂಟು."

"ನಾ ಬರಿಯಂಗಿಲ್ರಿ ಮಿಸ್. ಶೀ ಅಂದ್ರ ಅಕಿ. ದೇ ಅಂದ್ರ ಅವರು."

"ಮನೆಯಲ್ಲಿ ಅಮ್ಮನಿಗೆ ನೀವು ಅಂತೀಯಾ?"

"ನೀ ಅಂತೀನ್ರಿ. ಅದು ಪ್ರೀತಿಗೆ. ಫ್ಯಾಕ್ಟರ್‍ಯಾಗ ಸೂಪರ್‌ವೈಸರ್ ಅವ್ವಗ 'ಏ, ತೂ ಇಧರ್ ಆ' ಅಂತ ಮರ್ಯಾದಿ ಇಲ್ಲದಂಗ ಕರೀತಾನ್ರಿ. ನಾನೂ ಎಲ್ಲಾರ ಮುಂದ ಅಕಿ ಅನ್ಲೇನ್ರಿ?"

ಅವ್ವ ಮರಗಮ್ಮ ರಬಾಳೆಯ ಕಾರ್ಖಾನೆಯೊಂದರಲ್ಲಿ ಡಬ್ಬಿ ಪ್ಯಾಕ್ ಮಾಡುತ್ತಿದ್ದರು. ಶನಿವಾರ ಮೊದಲ ಸಲ ರಜೆ ಹಾಕಿ ಶಾಲೆಗೆ ಬರುವವರಿದ್ದರು.

ಮಿಸ್ ಪೆನ್ನು ಕೆಳಗಿಟ್ಟು, "ಇಂಗ್ಲಿಷ್‌ನಲ್ಲಿ ಮರ್ಯಾದೆಗೆ ಬೇರೆ ಶೀ ಇಲ್ಲ ಮಗಾ. ಎಲ್ಲರಿಗೂ ಒಂದೇ," ಎಂದರು.

"ಪ್ರಿನ್ಸಿಪಾಲ್ ಮೇಡಂಗೂ?"

"ಅವರಿಗೂ."

ಭಾಗ್ಯಾ ನಂಬಲಿಲ್ಲ. ಕಿವಿಯಾರೆ ಕೇಳುವ ತನಕ ಬರೆಯುವುದಿಲ್ಲ ಎಂದು ಹಟ ಹಿಡಿದಳು.

ಶುಕ್ರವಾರ ಮಕ್ಕಳ ಹಲ್ಲು ನೋಡಲು ಡಾಕ್ಟರ್ ಚಂಪಾ ಬಂದರು. ಪ್ರಿನ್ಸಿಪಾಲ್ ಮೇಡಂ ಮೈಕ್ ಹಿಡಿದು ಅವರ ಪರಿಚಯ ಮಾಡಿದರು. ಶೀ ಈಸ್, ಶೀ ಹ್ಯಾಸ್... ಭಾಗ್ಯಾ ಬೆರಳು ಮಡಚಿ ಎಣಿಸಿದಳು. ಏಳು ಸಲ! ಡಾಕ್ಟರಿಗೆ ಒಂಚೂರೂ ಸಿಟ್ಟು ಬರಲಿಲ್ಲ. ಬದಲಿಗೆ ಅವರೂ ಮೈಕ್ ತೆಗೆದುಕೊಂಡು ಪ್ರಿನ್ಸಿಪಾಲ್ ಮೇಡಂಗೆ ಶೀ ಎಂದರು!

ಸಂಜೆ ಭಾಗ್ಯಾ ಕೂತು ಒಂದೊಂದೇ ದೇಯನ್ನು ಉಜ್ಜಿ ಅಳಿಸಿದಳು. ಒಂದು ಕಡೆ ಕಾಗದವೇ ತೂತಾಯಿತು.

ಶನಿವಾರ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತು ಓದಿದಳು. "ದಿಸ್ ಈಸ್ ಮೈ ಮದರ್, ಮರಗಮ್ಮ. ಶೀ ವರ್ಕ್ಸ್ ಇನ್ ರಬಾಳೆ. ಶೀ ಈಸ್ ವೆರಿ ಸ್ಟ್ರಾಂಗ್..." ಪ್ರತಿ ಶೀಗೂ ಅವ್ವನ ಕಡೆ ನೋಡಿದಳು.

ಜೋರು ಚಪ್ಪಾಳೆ ಬಿತ್ತು. ಹಿತೇಶನೂ ತಟ್ಟಿದ. ಅವ್ವನ ಮುಖ ಮಾತ್ರ ಸಪ್ಪಗಿತ್ತು.

ಗೇಟು ದಾಟಿದ ಮೇಲೆ ಮರಗಮ್ಮ ಮೆಲ್ಲಗೆ ಕೇಳಿದರು, "ಅಲ್ಲಬೇ, ನನ್ನ ಹೆಸರು ಹೇಳಿ, ಅಷ್ಟು ಮಂದಿ ಮುಂದ ಶೀ ಶೀ ಅಂದೆಲ್ಲ. ನಾ ಅಷ್ಟು ಹೊಲಸು ಅದೀನೇನು?"

ಭಾಗ್ಯಾಗೆ ನಗುವೂ ಬಂತು, ಅಳುವೂ ಬಂತು. "ಅದು ಆ ಶೀ ಅಲ್ಲವ್ವಾ! ಡಾಕ್ಟರ್ ಮೇಡಂಗೂ ಶೀ ಅಂತಾರ. ಪ್ರಿನ್ಸಿಪಾಲ್ ಮೇಡಂಗೂ ಅಂತಾರ. ನಿನಗೂ ಅದೇ."

"ಖರೇನ?"

"ಖರೇನ. ನಾನೇ ಎಣಿಸೀನಿ."

ಮರಗಮ್ಮ ಸೆರಗು ಸರಿಮಾಡಿಕೊಂಡು ನಡೆದರು. ಸ್ಟೇಷನ್ ಸೇತುವೆಯ ಮೇಲೆ ಬಂದಾಗ ತಟ್ಟನೆ ನಿಂತರು.

"ಇನ್ನೊಮ್ಮೆ ಓದು. ಈಗ ಚಂದಾಗಿ ಕೇಳ್ತೀನಿ."

ಕೆಳಗೆ ಲೋಕಲ್ ಟ್ರೇನು ಧಡಧಡ ಬರುತ್ತಿತ್ತು. ಅದರ ಸದ್ದಿಗೂ ಕೇಳುವಷ್ಟು ಜೋರಾಗಿ ಭಾಗ್ಯಾ ಓದಿದಳು. ಪ್ರತಿ ಶೀಗೂ ಅವ್ವ ತಲೆಯಾಡಿಸಿದರು.