ಕೆಂಬುಡೆ ಗುಂಡಿಯ ಮಣ್ಣು

“ಬೆರಳು ಮಡಚು! ಮಡಚು ಮಾರಾಯ!” ಎಂದು ಕಾಂತಿ ಕಿರುಚಿದಳು.

ಆದರೆ ಉಸ್ಮಾನನ ತೋರುಬೆರಳು ಆಗಲೇ ನೆಟ್ಟಗೆ ಚಾಚಿಯಾಗಿತ್ತು. ಬಳ್ಳಿಯ ಎಲೆಗಳ ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಎಳೆಗಾಯಿಯೊಂದು ಕಂಡಿತ್ತು. ಖುಷಿಯಲ್ಲಿ ಅವನಿಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. “ಅಲ್ಲಿ ನೋಡು, ಕಾಯಿ ಕಚ್ಚಿದೆ!” ಎಂದು ತೋರಿಸಿಯೇ ಬಿಟ್ಟಿದ್ದ.

“ಮರೆತುಹೋಯ್ತು,” ಎಂದು ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಎಳೆಗಾಯಿಗೆ ಬೆರಳು ತೋರಿಸಬಾರದು, ತೋರಿಸಿದರೆ ಅದು ಕೊಳೆತು ಬೀಳುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ, ಗೆಣ್ಣಿನಿಂದ ತೋರಿಸಬೇಕು. ಮಡಂತ್ಯಾರಿನ ಸುತ್ತಮುತ್ತ ಇದು ಗೊತ್ತಿಲ್ಲದ ಮಕ್ಕಳೇ ಇರಲಿಲ್ಲ. ಯಾರು ಹೇಳಿಕೊಟ್ಟದ್ದು ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದು ಸಾಮಾನ್ಯ ಕಾಯಿಯಾಗಿದ್ದರೆ ಕಾಂತಿ ಅಷ್ಟು ಕಿರುಚುತ್ತಿರಲಿಲ್ಲ. ಸಿಹಿಕುಂಬಳಕ್ಕೆ ಅವರ ಊರಿನಲ್ಲಿ ಕೆಂಬುಡೆ ಎನ್ನುತ್ತಾರೆ. ಉಸ್ಮಾನನ ತಂದೆ ಮೂಸಾಕ ಎತ್ತಿನ ಗಾಡಿಯಲ್ಲಿ ಬಂಟ್ವಾಳದ ಪೇಟೆಗೆ ತರಕಾರಿ ಒಯ್ಯುತ್ತಿದ್ದರು. ಅಲ್ಲಿ ಒಮ್ಮೆ ಇಬ್ಬರು ಸೇರಿ ಎತ್ತಬೇಕಾದಂಥ ಕೆಂಬುಡೆಯನ್ನು ಕಂಡು, ಅದರ ಮೂರು ಬೀಜಗಳನ್ನು ಕೇಳಿ ತಂದಿದ್ದರು. “ಬೀಜ ನನ್ನದು, ಜಾಗ ನಿನ್ನದು,” ಎಂದು ಉಸ್ಮಾನ್ ಅವನ್ನು ಕಾಂತಿಯ ಕೈಯಲ್ಲಿ ಇಟ್ಟಿದ್ದ. ಇಬ್ಬರೂ ಐದನೇ ಕ್ಲಾಸು, ಇಬ್ಬರ ಮನೆಗಳ ನಡುವೆ ಇದ್ದದ್ದು ತೋಡು ಎಂಬ ಸಣ್ಣ ಹಳ್ಳ ಅಷ್ಟೆ.

ಆಮೇಲೆ ಕಾಂತಿಯ ಅಜ್ಜಿ ಇಬ್ಬರಿಗೂ ಕೆಲಸ ಹಚ್ಚಿದರು. ಕ್ರಿಸ್‌ಮಸ್ ರಜೆಯಿಡೀ ಅದೇ ಆಯಿತು. ಗುಡ್ಡೆಯಿಂದ ತರಗೆಲೆ ಗುಡಿಸಿ ತಂದರು. ಅದರ ಮೇಲೆ ಕೆರೆದ ಮಣ್ಣು ಮುಚ್ಚಿ, ಒಂದು ಮೂಲೆಯಲ್ಲಿ ಬೆಂಕಿ ಕೊಟ್ಟರು.

“ಹೊಗೆ ಬರಬೇಕು, ಬೆಂಕಿ ಏಳಬಾರದು,” ಎಂದರು ಅಜ್ಜಿ. “ಬೆಂಕಿ ಎದ್ದರೆ ಮಣ್ಣು ಹಂಚಿನ ಹಾಗೆ ಗಟ್ಟಿ ಆಗ್ತದೆ. ಸುಡುಮಣ್ಣು ಅಂದರೆ ಮೆಲ್ಲ ಮೆಲ್ಲ ಆಗುವಂಥದ್ದು.”

ಮೂರು ದಿನ ನೀಲಿ ಹೊಗೆ ಎದ್ದಿತು. ಆ ಹೊಗೆಯಲ್ಲಿ ದನದ ಹಟ್ಟಿ, ಬಾವಿಕಟ್ಟೆ, ಹುಲ್ಲಿನ ಗೊಣಬೆ ಎಲ್ಲವೂ ಯಾರೋ ಕನಸಿನಲ್ಲಿ ಕಂಡ ಹಾಗೆ ಮಸುಕಾಗಿ ಕಾಣುತ್ತಿದ್ದವು. ಇಬ್ಬರೂ ಬದುವಿನ ಮೇಲೆ ಕೂತು ಕಣ್ಣುಜ್ಜಿಕೊಳ್ಳುತ್ತ ನೋಡುತ್ತಿದ್ದರು.

ಬೀಜ ಹಾಕಲು ಗುಂಡಿಯನ್ನು ಎಷ್ಟು ಆಳ ತೋಡಿದ್ದರೆಂದರೆ, ಉಸ್ಮಾನ್ ಒಳಗೆ ಇಳಿದರೆ ಸೊಂಟದವರೆಗೆ ಮುಳುಗುತ್ತಿದ್ದ. ಅದರ ಅಡಿಗೆ ತರಗೆಲೆ, ಮೇಲೆ ಸುಡುಮಣ್ಣು, ಮತ್ತೆ ಹಳೆಯ ಹಟ್ಟಿಗೊಬ್ಬರ ಹಾಕಿದರು. ಉಸ್ಮಾನ್ ತನ್ನ ಮನೆಯಿಂದ ಗೋಣಿಯಲ್ಲಿ ಆಡಿನ ಹಿಕ್ಕೆ ತಲೆಮೇಲೆ ಹೊತ್ತು ತಂದ. ಎಲ್ಲ ತುಂಬಿದ ಮೇಲೆ ಅಜ್ಜಿ ಕೈ ಕೊಡವಿಕೊಂಡರು.

“ಇನ್ನು ಹದಿನೈದು ದಿನ ಮಣ್ಣು ಮಲಗಲಿ. ಎಬ್ಬಿಸಬೇಡಿ ಆಯ್ತಾ?”

ಇಬ್ಬರೂ ದಿನಾ ಬಂದು ಮಣ್ಣಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಿದ್ದರು. ಮೊದಲು ಮಣ್ಣು ಸ್ನಾನದ ನೀರಿನಷ್ಟು ಬಿಸಿ ಇತ್ತು, ಆಮೇಲೆ ಉಗುರುಬೆಚ್ಚಗಾಯಿತು. ಹದಿನಾರನೇ ದಿನ ಒಳಗೆ ತಣ್ಣಗಿತ್ತು. ಕಾಂತಿಯ ಬೆರಳಿಗೆ ಒಂದು ಎರೆಹುಳ ತಗಲಿ ಕಚಗುಳಿಯಾಯಿತು. ಬೀಜ ಹಾಕಿದ್ದು ಅವತ್ತು.

ಮೂರರಲ್ಲಿ ಹುಟ್ಟಿದ್ದು ಒಂದೇ. ಬಳ್ಳಿ ಹಬ್ಬಿದ ಹಾಗೆ ಕಾಂತಿಯ ಕನಸೂ ಹಬ್ಬಿತು. ಕ್ಲಾಸಿನಲ್ಲಿ ಲೆಕ್ಕ ಮಾಡುವಾಗಲೂ ಅವಳ ಕೆಂಬುಡೆ ಬೆಳೆಯುತ್ತಿತ್ತು. ಮೊದಲು ಅಕ್ಕಿ ಅಳೆಯುವ ಕಲಸೆಯಷ್ಟು, ಆಮೇಲೆ ಹಂಡೆಯಷ್ಟು, ಆಮೇಲೆ ದೋಣಿಯಷ್ಟು. ಒಳಗಿನ ತಿರುಳು ತೆಗೆದು ಅವಳು ಮತ್ತು ಉಸ್ಮಾನ್ ಅದರಲ್ಲಿ ಕೂತು ನೇತ್ರಾವತಿಯಲ್ಲಿ ತೇಲಿ ಹೋಗುತ್ತಿದ್ದರು. ಬಂಟ್ವಾಳದ ದಡದಲ್ಲಿ ನಿಂತ ಜನ ಬಾಯಿ ತೆರೆದು ನೋಡುತ್ತಿದ್ದರು.

ಅಷ್ಟು ದೊಡ್ಡದಾಗಬೇಕಾದರೆ ಊಟವೂ ಅಷ್ಟೇ ಬೇಕಲ್ಲ? ಹತ್ತು ದಿನಕ್ಕೊಮ್ಮೆ ಒಂದು ತೆಂಗಿನ ಗೆರಟೆಯಷ್ಟು ಸೆಗಣಿನೀರು ಸಾಕು ಎಂದು ಅಜ್ಜಿ ಹೇಳಿದ್ದರು. ಕಾಂತಿ ಯಾರಿಗೂ ಹೇಳದೆ ದಿನಾ ಬೆಳಿಗ್ಗೆ ಹಟ್ಟಿಯಿಂದ ಹಸಿ ಸೆಗಣಿ ತಂದು ಬುಡಕ್ಕೆ ಮೆತ್ತಿ, ಮೇಲೆ ಎರಡು ಕೊಡ ನೀರು ಹೊಯ್ಯುತ್ತಿದ್ದಳು.

ಉಸ್ಮಾನ್ ಬೆರಳು ತೋರಿಸಿದ ನಾಲ್ಕನೇ ದಿನ ಕಾಯಿ ಹಳದಿಯಾಯಿತು. ಐದನೇ ದಿನ ಮೆತ್ತಗಾಗಿ, ತೊಟ್ಟು ಕಳಚಿ ಬಿತ್ತು.

“ನಿನ್ನಿಂದಲೇ ಆದದ್ದು!” ಕಾಂತಿಗೆ ಅಳು ತಡೆಯಲಾಗಲಿಲ್ಲ. “ನಿನ್ನ ಬೆರಳಿನಿಂದ!”

ಉಸ್ಮಾನ್ ಜಗಳ ಮಾಡಲಿಲ್ಲ. ತನ್ನ ಬೆರಳನ್ನು ಒಮ್ಮೆ ನೋಡಿಕೊಂಡ. ತೋಡು ದಾಟಿ ಮನೆಗೆ ಹೋದವನು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಶೀನಪ್ಪ ಮಾಸ್ಟ್ರು ಗೋಡೆಗೆ ಮ್ಯಾಪ್ ತೂಗುಹಾಕಿದರು. “ಉಸ್ಮಾನ್, ನೇತ್ರಾವತಿ ಸಮುದ್ರ ಸೇರುವ ಜಾಗ ತೋರಿಸು.”

ಉಸ್ಮಾನ್ ಎದ್ದು ಹೋದ. ಜಾಗ ಅವನಿಗೆ ಗೊತ್ತಿತ್ತು. ಅವನು ಬೆರಳು ಮಡಚಿ, ಗೆಣ್ಣನ್ನು ಮಂಗಳೂರಿನ ಮೇಲೆ ಇಟ್ಟ.

“ಬೆರಳಿಗೆ ಎಂತ ಆಯ್ತು? ಗಾಯವಾ?”

“ಏನಿಲ್ಲ ಸಾರ್.”

“ಮತ್ತೆ ಸರಿಯಾಗಿ ತೋರಿಸು.”

ಉಸ್ಮಾನ್ ತಲೆ ತಗ್ಗಿಸಿ ನಿಂತ. ಬೆರಳು ಬಿಡಿಸಲಿಲ್ಲ. “ಮ್ಯಾಪ್ ಕೊಳೆಯುತ್ತದೆ ಅಂತ ಹೆದರಿಕೆ ಸಾರ್!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಇಡೀ ಕ್ಲಾಸು ನಕ್ಕಿತು. ಕಾಂತಿಗೆ ನಗು ಬರಲಿಲ್ಲ.

ಸಂಜೆ ಅವಳು ಗುಂಡಿಯ ಹತ್ತಿರ ಹೋದಳು. ಬಳ್ಳಿಯ ಎಲೆಗಳು ಬಾಡಿ ಜೋತುಬಿದ್ದಿದ್ದವು. ಹಿಂದೆ ಮಾಡುತ್ತಿದ್ದ ಹಾಗೆ ಮಣ್ಣಿಗೆ ಕೈ ತೂರಿಸಿದಳು. ತಕ್ಷಣ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಬಿಸಿ ಇತ್ತು. ಮಣ್ಣು ಲೋಳೆಯಾಗಿ ಕೈಗೆ ಅಂಟಿಕೊಂಡು ನಾರುತ್ತಿತ್ತು. ಎಷ್ಟು ಹುಡುಕಿದರೂ ಒಂದು ಎರೆಹುಳವೂ ಸಿಗಲಿಲ್ಲ.

ಹುಲ್ಲಿನ ಕಟ್ಟು ಹೊತ್ತು ಬಂದ ಅಜ್ಜಿ ಅಲ್ಲೇ ನಿಂತು ಮೂಗರಳಿಸಿದರು. “ಎಂತ ಹಾಕಿದ್ದಿ?”

“ಹಸಿ ಸೆಗಣಿ. ದಿನಾ.”

“ಅಯ್ಯೋ ಮಗಾ! ಮಲಗಿದ್ದ ಮಣ್ಣನ್ನು ಎಬ್ಬಿಸಿ ಕೂರಿಸಿದ್ದಿಯಲ್ಲ. ಬೇರು ಬೆಂದುಹೋಗ್ತದೆ. ಕಾಯಿ ನಿಲ್ಲುವುದು ಹೇಗೆ?”

“ಹಾಗಾದರೆ ಬೆರಳು ತೋರಿಸಿದರೆ ಕೊಳೆಯುವುದಿಲ್ವಾ ಅಜ್ಜಿ?”

ಅಜ್ಜಿ ಹುಲ್ಲಿನ ಕಟ್ಟು ಕೆಳಗಿಳಿಸಿದರು. “ಅದು ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ತೋರಿಸಲಿಲ್ಲ. ಆದರೆ ಇದು ಕೊಳೆತದ್ದು ಈ ಮಣ್ಣಿನಿಂದಲೇ.”

ಕಾಂತಿ ಕೈ ಕೂಡ ತೊಳೆಯದೆ ತೋಡು ದಾಟಿ ಓಡಿದಳು. ಉಸ್ಮಾನ್ ಆಡುಗಳಿಗೆ ಹಲಸಿನ ಸೊಪ್ಪು ಕಟ್ಟುತ್ತಿದ್ದ. ಅವಳು ಏದುಸಿರು ಬಿಡುತ್ತ ಕೈಯನ್ನು ಅವನ ಮೂಗಿನ ಹತ್ತಿರ ಹಿಡಿದಳು.

“ಥೂ! ಎಂತದು ಮಾರಾಯ್ತಿ!”

“ನಮ್ಮ ಗುಂಡಿಯ ಮಣ್ಣು. ನಾನೇ ಹಾಳು ಮಾಡಿದ್ದು. ದಿನಾ ಕದ್ದು ಸೆಗಣಿ ಹಾಕಿದೆ. ನಿನ್ನ ಬೆರಳಿನಿಂದ ಆದದ್ದಲ್ಲ, ಉಸ್ಮಾನ್.”

ಅವನು ಸೊಪ್ಪನ್ನು ನೋಡುತ್ತ ನಿಂತ. “ಆದರೆ ನಾನು ತೋರಿಸಿದ್ದು ಹೌದಲ್ಲ?” ಎಂದ ಮೆಲ್ಲಗೆ.

ಕಾಂತಿ ಅವನ ಕೈಯಿಂದ ಸೊಪ್ಪು ತೆಗೆದು ಬದಿಗಿಟ್ಟಳು. “ಮಣ್ಣು ಸರಿ ಮಾಡುವ, ಬಾ,” ಎಂದಳು.

ಇಬ್ಬರೂ ಸೇರಿ ಬೇರಿಗೆ ಪೆಟ್ಟಾಗದ ಹಾಗೆ ಕೈಯಲ್ಲೇ ಲೋಳೆ ಮಣ್ಣನ್ನು ತೆಗೆದು, ಒಣ ಸುಡುಮಣ್ಣು ತುಂಬಿದರು. ಮೇಲೆ ತರಗೆಲೆ ಹಾಸಿದರು. ಆಮೇಲೆ ಕಾಯುವುದೊಂದೇ ಕೆಲಸ. ಉಸ್ಮಾನ್ ದಿನಾ ಬರುತ್ತಿದ್ದ, ಮಣ್ಣಿಗೆ ಕೈ ಹಾಕಿ ನೋಡುತ್ತಿದ್ದ. ಆದರೆ ಬಳ್ಳಿಯ ಹತ್ತಿರ ಹೋಗುವಾಗ ಮುಷ್ಟಿ ಬಿಗಿಹಿಡಿದುಕೊಳ್ಳುತ್ತಿದ್ದ.

ಮಣ್ಣು ತಣ್ಣಗಾಯಿತು. ಬಳ್ಳಿಯ ತುದಿ ಮತ್ತೆ ತಲೆ ಎತ್ತಿತು. ಒಂದು ಸಂಜೆ ಉಸ್ಮಾನ್ ಇದ್ದಕ್ಕಿದ್ದಂತೆ ನಿಂತ.

“ಕಾಂತಿ, ಇನ್ನೊಂದು ಉಂಟು!”

“ಎಲ್ಲಿ?”

“ಅಲ್ಲಿ, ಆ ದೊಡ್ಡ ಎಲೆಯ ಅಡಿಯಲ್ಲಿ.” ಅವನು ಗದ್ದ ಎತ್ತಿ ತೋರಿಸಿದ. ಎರಡೂ ಕೈ ಬೆನ್ನ ಹಿಂದೆ ಇದ್ದವು.

ಕಾಂತಿ ಅವನ ಮಡಚಿದ ಬೆರಳುಗಳನ್ನು ನೋಡಿದಳು.

“ಬೆರಳಿನಿಂದ ತೋರಿಸು.”

“ಬೇಡ ಮಾರಾಯ್ತಿ! ಇರುವುದು ಇದೊಂದೇ.”

“ತೋರಿಸು ಹೇಳಿದೆನಲ್ಲ.”

“ಕೊಳೆತರೆ?”

ಹಂಡೆ, ದೋಣಿ, ನೇತ್ರಾವತಿ ಎಲ್ಲ ಒಮ್ಮೆ ಕಾಂತಿಯ ಕಣ್ಣ ಮುಂದೆ ತೇಲಿಹೋಯಿತು.

“ಕೊಳೆತರೆ ಕೊಳೆಯಲಿ,” ಎಂದಳು.

ಉಸ್ಮಾನ್ ಎಲೆಯ ಕಡೆಗೆ ಒಂದು ಹೆಜ್ಜೆ ಇಟ್ಟ. ಆಮೇಲೆ ಕೈ ಮುಂದೆ ಬಂತು. ಮುಷ್ಟಿಯಿಂದ ತೋರುಬೆರಳು ಮೆಲ್ಲ ಮೆಲ್ಲಗೆ ಬಿಡಿಸಿಕೊಂಡಿತು. ಕೊನೆಗೆ ನೆಟ್ಟಗಾಯಿತು.

“ಅಲ್ಲಿ,” ಎಂದು ನಕ್ಕ. “ಅಲ್ಲೇ ಉಂಟು ನೋಡು!”

ಕಾಂತಿ ಅವನ ಮುಖವನ್ನೇ ನೋಡುತ್ತಿದ್ದಳು. ಕಾಯಿ ನೋಡುವುದು ಅವಳಿಗೆ ಮರೆತೇ ಹೋಗಿತ್ತು.