ಹಿತ್ತಾಳೆ ಕೊಕ್ಕರೆಯೂ ಮೂರು ತುತ್ತೂ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರುವ ಮೊದಲು, ಹೊನ್ನಗೆರೆ ಎಂಬ ರಾಜ್ಯವಿತ್ತು. ಅರಮನೆಯ ಪಕ್ಕದಲ್ಲೇ ಒಂದು ಮಕ್ಕಳ ಮನೆ. ಐದು ವರ್ಷ ತುಂಬದ ಮಕ್ಕಳು, ರಾಜಕುಮಾರಿ ನೀಲಾಜಿಯೂ ಸೇರಿ, ಮಧ್ಯಾಹ್ನ ಅಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಉಣ್ಣುತ್ತಿದ್ದರು ಅನ್ನುವುದಕ್ಕಿಂತ ಚೆಲ್ಲುತ್ತಿದ್ದರು ಅನ್ನಬೇಕು. ಸಾರು ನೆಲಕ್ಕೆ, ಅನ್ನ ತಲೆಗೂದಲಿಗೆ.

ರಾಜ ಕೆಂಪರಸನಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಅವನು ಭೃಕುಂಡ ಎಂಬ ಮಾಂತ್ರಿಕನನ್ನು ಕರೆಸಿದ. ಮಾಂತ್ರಿಕ ಹಿತ್ತಾಳೆಯ ಕೊಕ್ಕರೆಯೊಂದನ್ನು ತಂದ. ಅದು ಉದ್ದ ಕೊಕ್ಕಿನಲ್ಲಿ ತುತ್ತೆತ್ತಿ ಮಕ್ಕಳ ಬಾಯಿಗಿಡುತ್ತಿತ್ತು. ಒಂದು ಅಗುಳೂ ಕೆಳಗೆ ಬೀಳುತ್ತಿರಲಿಲ್ಲ. ಮಕ್ಕಳು ಕೈಕಟ್ಟಿ ಕೂತರಾಯಿತು.

ಆದರೆ ಪ್ರತಿ ತುತ್ತಿಗೂ ಕೊಕ್ಕರೆ ಆ ಮಗುವಿನ ನಾಲಗೆಯಿಂದ ಒಂದು ಮಾತು ಹೆಕ್ಕಿಕೊಳ್ಳುತ್ತಿತ್ತು. ಮೊದಲು 'ಬೇಡ' ಹೋಯಿತು. ಮಕ್ಕಳು ಎಷ್ಟು ಜಾಣರಾದರು ಎಂದು ದೊಡ್ಡವರು ಹಿಗ್ಗಿದರು. ಆಮೇಲೆ 'ಸಾಕು' ಹೋಯಿತು, 'ಇನ್ನಷ್ಟು' ಹೋಯಿತು. ತಿಂಗಳಾಗುವಷ್ಟರಲ್ಲಿ ನೀಲಾಜಿಗೆ 'ಅಪ್ಪಾ' ಅನ್ನಲೂ ಬಾಯಿಲ್ಲ. ಆಗ ರಾಜನಿಗೆ ಎದೆ ಒಡೆದಂತಾಯಿತು.

ರಾಜ ಮಾಂತ್ರಿಕನ ಕಾಲು ಹಿಡಿದ. ಭೃಕುಂಡ ನಕ್ಕ.

"ಒಂದು ಮಗು, ಯಾರೂ ನೆರವಾಗದೆ, ತಾನೇ ಕಲಸಿ ಮೂರು ತುತ್ತು ಉಂಡರೆ ಎಲ್ಲರ ಮಾತೂ ವಾಪಸು. ಮೂರು ದಿನ ಗಡುವು, ದಿನಕ್ಕೊಂದೇ ಸರದಿ. ಮೀರಿದರೆ ಮಾತು ನನ್ನದೇ. ಆದರೆ ಮಹಾರಾಜ, ನಿಮ್ಮ ಕೈ ಸುಮ್ಮನಿರುವುದಿಲ್ಲ."

ಮೊದಲ ದಿನ ನೀಲಾಜಿ ತುತ್ತೆತ್ತಿದಾಗ, ಬಿಸಿಯಿದೆಯೆಂದು ರಾಣಿ ಊದಿದಳು. ಅಲ್ಲಿಗೆ ಮುಗಿಯಿತು. ಎರಡನೆಯ ದಿನ ಎರಡು ತುತ್ತು ಒಳಗೆ ಹೋದವು. ಮೂರನೆಯದಕ್ಕೆ ತಟ್ಟೆ ಜಾರಿತು, ರಾಜ ಹಿಡಿದುಬಿಟ್ಟ. ಕೊಕ್ಕರೆ ಕತ್ತು ಕೊಂಕಿಸಿ ಅವನನ್ನು ನೋಡಿತು.

ಮೂರನೆಯ ದಿನ ಅಡುಗೆಯ ಮಾದಜ್ಜಿ ರಾಜನ ಪೇಟ ಬಿಚ್ಚಿ, ಅದರಿಂದಲೇ ಅವನ ಕೈಗಳನ್ನು ಕಂಬಕ್ಕೆ ಕಟ್ಟಿದಳು.

"ಸುಮ್ನೆ ನೋಡ್ತಾ ಇರಿ ಬುದ್ಧೀ. ನೀವೂ ಹಿಂಗೇ ಚೆಲ್ಲಿ ಚೆಲ್ಲಿ ಕಲ್ತಿದ್ದು," ಅಂದಳು. ರಾಣಿ ತಾನಾಗಿಯೇ ಬಾಯಿಗೆ ಸೆರಗು ತುರುಕಿಕೊಂಡಳು.

ನೀಲಾಜಿ ಮೊಸರು ಹಾಕಿಕೊಂಡಳು. ಅರ್ಧ ಅನ್ನಕ್ಕೆ, ಅರ್ಧ ಮಡಿಲಿಗೆ. ಮೊದಲ ತುತ್ತು ಮೂಗಿಗೆ ತಾಗಿ ಬಾಯಿಗೆ ಹೋಯಿತು. ಎರಡನೆಯದರಲ್ಲಿ ಮೆಣಸಿನಕಾಯಿ ಸಿಕ್ಕಿತು. ಉಗಿದು, ಮತ್ತೆ ಕಲಸಿ ತಿಂದಳು. ಮೂರನೆಯ ತುತ್ತನ್ನು ಕೈಯಲ್ಲಿ ಹಿಡಿದು, ಗೋಡೆಯ ಮೇಲಿನ ಇರುವೆಸಾಲು ನೋಡುತ್ತಾ ಕೂತುಬಿಟ್ಟಳು. ಬಿಸಿಲು ಇಳಿಯಿತು. ರಾಜ ಕಂಬ ಅಲುಗುವಂತೆ ಜಗ್ಗಿದ, ಗಂಟು ಬಿಚ್ಚಿಕೊಳ್ಳಲಿಲ್ಲ. ಯಾವ ಯುದ್ಧದಲ್ಲೂ ಅವನು ಅಷ್ಟು ಬೆವರಿರಲಿಲ್ಲ. ಕೊನೆಯ ಇರುವೆಯೂ ಬಿಲ ಸೇರಿದ ಮೇಲೆ ಅವಳು ತುತ್ತು ಬಾಯಿಗಿಟ್ಟು, ನಿಧಾನವಾಗಿ ನುಂಗಿದಳು.

ಕೊಕ್ಕರೆ ಅಭ್ಯಾಸಬಲದಿಂದ ನಾಲ್ಕನೆಯ ತುತ್ತು ತಂದಿತು. ನೀಲಾಜಿ ಕೊಕ್ಕನ್ನು ಅತ್ತ ತಳ್ಳಿದಳು.

"ಬೇಡ," ಅಂದಳು. ಮೊದಲು ಹೋದ ಮಾತೇ ಮೊದಲು ಮರಳಿತ್ತು.

ಕೊಕ್ಕು ಬಿರಿಯಿತು. ಒಳಗೆ ಉಳಿದಿದ್ದ ಮಾತುಗಳೆಲ್ಲ ಹಾರಿ ಅವರವರ ನಾಲಗೆ ಸೇರಿದವು. ಮಕ್ಕಳ ಮನೆ ಸಂತೆಯಾಯಿತು. ಕದ್ದ ಮಾತಿನಿಂದಲೇ ಮಂತ್ರ ಕಟ್ಟುತ್ತಿದ್ದ ಭೃಕುಂಡನ ಬಾಯಲ್ಲಿ ಏನೂ ಉಳಿಯಲಿಲ್ಲ. ಅವನು ತೆಪ್ಪಗೆ ರಾಜ್ಯ ಬಿಟ್ಟು ನಡೆದ.

ಅಂದಿನಿಂದ ಹೊನ್ನಗೆರೆಯ ಮಕ್ಕಳು ತಾವೇ ಬಡಿಸಿಕೊಂಡು, ತಾವೇ ಚೆಲ್ಲಿ, ತಾವೇ ಒರೆಸಿ ಸುಖವಾಗಿದ್ದರು. ರಾಜನೂ ಅವರ ಸಾಲಿನಲ್ಲೇ ಊಟಕ್ಕೆ ಕೂರುತ್ತಿದ್ದ. ನೀಲಾಜಿ ಎರಡೂ ಕೈಯಲ್ಲಿ ಸೌಟು ಹಿಡಿದು ಬಂದು, "ಅಪ್ಪಾ, ಸಾರು ಬೇಕಾ?" ಎಂದು ಕೇಳುತ್ತಿದ್ದಳು. ಅರ್ಧ ಅವನ ರೇಷ್ಮೆ ಪಂಚೆಗೇ ಬೀಳುತ್ತಿತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, "ಹಾಕವ್ವ," ಅನ್ನುತ್ತಿದ್ದ.